ಸಫಾರಿ ಇಲ್ಲದ ಚಳಿಗಾಲ

ನಮ್ಮನೇಲಿ ಡಿಸೆಂಬರ್ ಬಂತು ಅಂದ್ರೆ ಎರಡು ಗ್ಯಾರಂಟಿ, ಒಂದು ಅವರೆಕಾಯಿ, ಇನ್ನೊಂದು ನಾಗರಹೊಳೆ ಕಾಡಿನ ಕಾಕನಕೋಟೆ ಸಫಾರಿ. ಹತ್ತು ಹನ್ನೆರಡು ವರ್ಷ ಇದು ತಪ್ಪಿರ್ಲಿಲ್ಲ. ಬೆಳಗ್ಗೆ ಮೂರೂವರೆಗೆ ಅಲಾರಂ, ಬೈಕೊಂಡು ಎದ್ದೇಳೋದು, ರಾತ್ರಿನೇ ಹಿಸುಕಿಟ್ಟಿದ್ದ ಅವರೆಬೇಳೆ ಹಾಕಿ ಹೆಂಡತಿ ಮಾಡೋ ಉಪ್ಪಿಟ್ಟು, ಫ್ಲಾಸ್ಕಲ್ಲಿ ಕಾಫಿ, ನಮ್ಮಪ್ಪನ ಕಾಲದ ಮಂಕಿ ಟೋಪಿ. ಮೈಸೂರು ಬಿಟ್ಟು ಎಚ್.ಡಿ. ಕೋಟೆ ದಾಟಿ ಅಂತರಸಂತೆ ಹತ್ರ ಹೋಗೋವಷ್ಟರಲ್ಲಿ ಮಂಜು ಎಷ್ಟಿರುತ್ತೆ ಅಂದ್ರೆ ಎದುರಿಗೆ ಬರೋ ಹಸು ಕಾಣೋಕೆ ಮುಂಚೆ ಅದರ ಕೊರಳ ಗಂಟೆ ಕೇಳುತ್ತೆ. ಆಮೇಲೆ ದಮ್ಮನಕಟ್ಟೆ, ಕ್ಯೂ, ಟಿಕೆಟ್ಟು, ಹಸಿರು ಬಣ್ಣದ ಬಸ್ಸು, ಆ ಕಿಟಕಿ ಕಂಬಿ ಹಿಡಿದ್ರೆ ಕೈಗೆ ಕಚ್ಚೋ ಹಂಗಿರೋ ತಣ್ಣಗಿನ ಕಬ್ಬಿಣ.

ಇಷ್ಟೆಲ್ಲಾ ಮಾಡ್ಕೊಂಡು ಹೋಗಿ ನೋಡಿದ್ದೇನು ಅಂತ ಕೇಳ್ಬೇಡಿ. ಈ ಹನ್ನೆರಡು ಚಳಿಗಾಲದಲ್ಲಿ ನಾನು ಹುಲಿ ಅಂತ ನೋಡಿದ್ದು ಎರಡೇ ಸಲ, ಅದರಲ್ಲಿ ಒಂದು ಬರೀ ಬೆನ್ನು, ಅದೂ ಲಂಟಾನ ಪೊದೆ ಒಳಗೆ ಹೋಗ್ತಾ ಇದ್ದ ಬೆನ್ನು. ಪಕ್ಕದ ಸೀಟಿನವರು ಅದು ಹುಲಿ ಅಲ್ಲ ಜಿಂಕೆ ಅಂತ ಇವತ್ತಿಗೂ ವಾದ ಮಾಡ್ಬಹುದು, ನಾನು ಒಪ್ಪಲ್ಲ.

ನಿಜ ಹೇಳ್ಬೇಕಂದ್ರೆ ಪ್ರಾಣಿ ನೋಡೋದೇ ಉದ್ದೇಶ ಆದ್ರೆ ಚಳಿಗಾಲದಲ್ಲಿ ಕಾಡಿಗೆ ಹೋಗೋದು ದಡ್ಡತನ. ಮಳೆ ಮುಗಿದು ಸ್ವಲ್ಪ ದಿನ ಆಗಿರುತ್ತೆ ಅಷ್ಟೆ, ಕಾಡೊಳಗೆ ಎಲ್ಲಾ ಕೆರೆಕಟ್ಟೆಗಳಲ್ಲೂ ನೀರಿರುತ್ತೆ, ಪ್ರಾಣಿಗಳು ಯಾಕೆ ನಮ್ಮ ರೋಡಿನ ಪಕ್ಕದ ಗುಂಡಿಗೇ ಬರ್ಬೇಕು ಹೇಳಿ. ಹುಲ್ಲು ಸೊಂಟದ ಮಟ್ಟ, ಲಂಟಾನ ತಲೆ ಮಟ್ಟ. 1974ರಲ್ಲಿ ಬೀಚನಹಳ್ಳಿ ಹತ್ರ ಕಬಿನಿ ಡ್ಯಾಂ ಆದ ಮೇಲೆ ಕಾಡಿನ ಅಂಚಿಗೆ ಬಂದು ನಿಂತ ಹಿನ್ನೀರು ಇದ್ಯಲ್ಲ, ಅದು ಡಿಸೆಂಬರ್‌ನಲ್ಲಿ ಮರಗಳ ಬುಡದವರೆಗೂ ತುಂಬಿರುತ್ತೆ. ಫೋಟೋಗಳಲ್ಲಿ ನೋಡ್ತೀರಲ್ಲ ನೂರಾರು ಆನೆ ಒಟ್ಟಿಗೆ ಮೇಯ್ತಾ ಇರೋದು, ಅದೆಲ್ಲಾ ಮಾರ್ಚ್ ಏಪ್ರಿಲ್ ಮೇ ತಿಂಗಳ ಕಥೆ, ನೀರು ಹಿಂದೆ ಸರಿದು ಆ ಒದ್ದೆ ನೆಲದಲ್ಲಿ ಎಳೇ ಹುಲ್ಲು ಬಂದಾಗ, ಸುತ್ತಲಿನ ಕಾಡೆಲ್ಲಾ ಒಣಗಿ ಬಾಯಾರಿದಾಗ. ಬಿಸಿಲಲ್ಲಿ ಬೆವರು ಒರೆಸ್ಕೊಂಡು ಹೋದವರಿಗೆ ಆನೆ ಸಿಗುತ್ತೆ, ಸ್ವೆಟರ್ ಹಾಕ್ಕೊಂಡು ಹೋದವರಿಗೆ ಮಂಜು ಸಿಗುತ್ತೆ.

ಆದ್ರೂ ನನಗೆ ಚಳಿಗಾಲವೇ ಇಷ್ಟ. ಬಸ್ಸು ಎಂಜಿನ್ ಆಫ್ ಮಾಡಿ ನಿಂತಾಗ ಎಲೆಗಳಿಂದ ಇಬ್ಬನಿ ತೊಟ್ಟಿಕ್ಕೋ ಸದ್ದು, ಎಲ್ಲೋ ದೂರದಲ್ಲಿ ಜಿಂಕೆ ಒಂದೇ ಒಂದ್ಸಲ ಕೂಗೋದು, ಇಪ್ಪತ್ತು ಜನ ಒಟ್ಟಿಗೆ ಉಸಿರು ಬಿಗಿ ಹಿಡಿಯೋದು, ಆಮೇಲೆ ಏನೂ ಆಗ್ದೇ ಇರೋದು. ಗೈಡು ಪ್ರತಿ ವರ್ಷ ಅದೇ ಮಾತು ಹೇಳ್ತಾರೆ, "ಹುಲ್ಲೆಲ್ಲಾ ಒದ್ದೆ ಇರುತ್ತೆ ಸಾರ್, ಅದಕ್ಕೇ ಬೆಳಗ್ಗೆ ಹೊತ್ತು ಹುಲಿ ರೋಡಲ್ಲೇ ನಡೆಯುತ್ತೆ, ಕಾಯೋಣ." ನಾವೂ ಪ್ರತಿ ವರ್ಷ ನಂಬಿ ಕಾಯ್ತೀವಿ. ಬಸ್ಸಿನ ತುಂಬಾ ಅವರೆಕಾಳಿನ ಸೊಗಡು. ಒಂದ್ಸಲ ಹಿಂದಿನ ಸೀಟಿನ ಅಜ್ಜಿಯೊಬ್ಬರು "ಯಾರ್ರೀ ಅದು ಡಬ್ಬಿ ತೆಗೆದಿರೋದು, ಹುಲಿ ಬಂದ್ರೂ ನಿಮ್ಮ ಉಪ್ಪಿಟ್ಟಿಗೇ ಬರೋದು" ಅಂದಿದ್ರು.

ಹೋದ ಚಳಿಗಾಲ ಇದ್ಯಾವುದೂ ಇರ್ಲಿಲ್ಲ. 2025ರ ನವೆಂಬರ್ ಮೊದಲ ವಾರದಲ್ಲಿ ಸರ್ಕಾರ ನಾಗರಹೊಳೆ, ಬಂಡೀಪುರ ಎರಡೂ ಕಡೆ ಸಫಾರಿ ನಿಲ್ಲಿಸಿಬಿಡ್ತು. ಸರಗೂರು ತಾಲ್ಲೂಕಲ್ಲಿ ಕೆಲವೇ ವಾರಗಳ ಅಂತರದಲ್ಲಿ ಹುಲಿ ದಾಳಿಗೆ ರೈತರು ಜೀವ ಕಳ್ಕೊಂಡಿದ್ರು, ಸಫಾರಿಗೆ ಬಳಸ್ತಿದ್ದ ಸಿಬ್ಬಂದಿ ವಾಹನ ಎಲ್ಲಾ ಆ ಕಡೆ ಹೋಗ್ಲಿ ಅನ್ನೋ ಲೆಕ್ಕ. ನಮ್ಮ ವಾಟ್ಸಾಪ್ ಗ್ರೂಪಲ್ಲಿ ದೊಡ್ಡ ಗಲಾಟೆ, ಸಫಾರಿಗೂ ಹುಲಿ ಊರಿಗೆ ಬರೋದಕ್ಕೂ ಏನು ಸಂಬಂಧ ಅಂತ ಕೆಲವರು, ರೆಸಾರ್ಟುಗಳಿಂದಲೇ ಎಲ್ಲಾ ಹಾಳಾಗಿದ್ದು ಅಂತ ಇನ್ನು ಕೆಲವರು, ನಮ್ಮ ಬುಕಿಂಗ್ ದುಡ್ಡು ಏನಾಗುತ್ತೆ ಅಂತ ಮತ್ತೊಂದಿಷ್ಟು ಜನ. ಮೂರನೇ ಗುಂಪಲ್ಲಿ ನಾನೂ ಇದ್ದೆ, ಸುಳ್ಳು ಯಾಕೆ ಹೇಳ್ಲಿ.

ನಮ್ಮ ದೊಡ್ಡಮ್ಮನ ಮಗಳನ್ನ ಕೊಟ್ಟಿರೋದು ಆ ಕಡೆಯ ಒಂದು ಊರಿಗೆ. ಭಾವನಿಗೆ ಫೋನ್ ಮಾಡಿ, ಈ ಸಲ ಆ ಕಡೆ ಬರೋದಿಲ್ಲ ಭಾವ, ಸಫಾರಿ ನಿಲ್ಸಿದಾರೆ ಅಂತ ಹೇಳ್ದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಹತ್ತಿ ಬಿಡ್ಸಕ್ಕೆ ಒಬ್ರೂ ಬತ್ತಾ ಇಲ್ಲ ಕಣಪ್ಪಾ, ಬಗ್ಗಿ ಕೆಲ್ಸ ಮಾಡ್ಬೇಕಲ್ಲ, ಬಗ್ಗಿದ್ರೆ ಹಿಂದೆ ಏನೈತೆ ಅಂತ ಕಾಣಕಿಲ್ಲ" ಅಂದ್ರು. ಬೇಜಾರಿಂದಾಗ್ಲಿ ಕೋಪದಿಂದಾಗ್ಲಿ ಅಲ್ಲ, ಇವತ್ತು ಕರೆಂಟ್ ಇಲ್ಲ ಅಂದ ಹಂಗೆ ಅಂದ್ರು. ನಾವು ಹನ್ನೆರಡು ವರ್ಷ ಮುಂಜಾನೆ ದುಡ್ಡು ಕೊಟ್ಟು ಯಾವುದನ್ನ ಹುಡುಕ್ಕೊಂಡು ಹೋಗ್ತಿದ್ವೋ ಅದು ಇವರ ಹತ್ತಿ ಹೊಲದ ಬೇಲಿ ಹತ್ರ ಫ್ರೀಯಾಗಿ ಓಡಾಡ್ತಾ ಇದೆ. ಇವರಿಗೆ ಅದು ಬೇಡ. ಆ ಫೋನ್ ಆದ ಮೇಲೆ ಬುಕಿಂಗ್ ದುಡ್ಡಿನ ಬಗ್ಗೆ ಗ್ರೂಪಲ್ಲಿ ಮತ್ತೆ ಬರೆಯೋಕೆ ನನಗೆ ಮನಸ್ಸಾಗ್ಲಿಲ್ಲ.

ಮಗಳಿಗೆ ಮಾತ್ರ ರಜೆ ವೇಸ್ಟ್ ಆಗ್ಬಾರ್ದಲ್ಲ, ಅವಳಿಗೆ ಹನ್ನೊಂದು ವರ್ಷ, ಕೊರಳಲ್ಲಿ ಬೈನಾಕ್ಯುಲರ್ ಹಾಕ್ಕೊಂಡೇ ಊಟಕ್ಕೆ ಕೂರೋ ಜಾತಿ. ಮೊದಲು ಒಂದು ಭಾನುವಾರ ರಂಗನತಿಟ್ಟಿಗೆ ಹೋದ್ವಿ. ಮೈಸೂರಿನವರಿಗೆ ರಂಗನತಿಟ್ಟು ಅಂದ್ರೆ ನೆಂಟರು ಬಂದಾಗ ತೋರಿಸೋ ಜಾಗ, ನಾವಾಗೇ ಹೋಗೋದು ಕಮ್ಮಿ. ಹದಿನೇಳನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಕಟ್ಟೆ ಕಟ್ಟಿದ್ರಿಂದ ಆದ ತಿಟ್ಟುಗಳು ಅವು, 1940ರಲ್ಲಿ ಸಲೀಂ ಅಲಿ ಬಂದು ನೋಡಿ ಮಹಾರಾಜರಿಗೆ ಹೇಳಿದ್ಮೇಲೆ ಪಕ್ಷಿಧಾಮ ಆಗಿದ್ದು. ಅಂದ್ರೆ ಕಾಡಲ್ಲ, ಯಾರದ್ದೋ ಗದ್ದೆಗೆ ನೀರು ಬೇಕು ಅಂತ ಕಟ್ಟಿದ ಕಟ್ಟೆಯಿಂದ ಹುಟ್ಟಿದ್ದು. ಚಳಿಗಾಲದಲ್ಲಿ ಅಲ್ಲಿ ಮೊಸಳೆ ನೋಡ್ಬೇಕು, ಬಂಡೆ ಮೇಲೆ ಬಾಯಿ ತೆರ್ಕೊಂಡು ಬಿಸಿಲು ಕಾಯಿಸ್ತಾ ಮಲಗಿರುತ್ತೆ, ದೋಣಿ ಹತ್ತಿರ ಹೋದ್ರೂ ಕಣ್ಣು ರೆಪ್ಪೆ ಅಲ್ಲಾಡ್ಸಲ್ಲ, ಥೇಟ್ ಸಂಕ್ರಾಂತಿ ಮಾರನೇ ದಿನ ನಮ್ಮ ಚಿಕ್ಕಪ್ಪ ಜಗಲಿ ಮೇಲೆ ಮಲಗಿದ ಹಂಗೆ. ಬಾಯ್ಕಳಕ ಕೊಕ್ಕರೆಗಳು ಆಗಲೇ ಗೂಡಿಗೆ ಕಡ್ಡಿ ಹೊರ್ತಾ ಇದ್ವು. ಆದ್ರೆ ಜನ! ಕ್ರಿಸ್‌ಮಸ್ ಸೀಸನ್ ಶುರುವಾಗಿತ್ತು, ದೋಣಿ ಕ್ಯೂನಲ್ಲಿ ಒಂದೂವರೆ ಗಂಟೆ, ದೋಣಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ. ಮಗಳು ವಾಪಸ್ ಬರ್ತಾ ಕಾರಲ್ಲಿ "ಇದು ಝೂ ತರಾನೇ ಇತ್ತಪ್ಪ" ಅಂದ್ಲು, ಸ್ವಲ್ಪ ಅನ್ಯಾಯದ ಮಾತು, ಆದ್ರೆ ನಾನು ವಾದ ಮಾಡ್ಲಿಲ್ಲ.

ಕೊಕ್ಕರೆ ಬೆಳ್ಳೂರಿಗೂ ಹೋಗೋಣ ಅಂದ್ಕೊಂಡ್ವಿ. ಮದ್ದೂರು ತಾಲ್ಲೂಕಿನ ಆ ಊರಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಎಲ್ಲಾ ಮನೆ ಹಿತ್ತಲ ಹುಣಸೆ ಮರದಲ್ಲೇ ಗೂಡು ಕಟ್ತವೆ, ಊರವರು ಅವನ್ನ ಬಾಣಂತನಕ್ಕೆ ತವರಿಗೆ ಬಂದ ಹೆಣ್ಮಕ್ಕಳು ಅಂತಾನೇ ಹೇಳ್ತಾರೆ. ಗೂಡಿದ್ದಷ್ಟು ದಿನ ಆ ಮರದ ಹುಣಸೆಹಣ್ಣು ಉದುರಿಸೋ ಹಾಗಿಲ್ಲ. ಆದ್ರೆ ಅಲ್ಲಿ ನೋಡೋಕೆ ಫೆಬ್ರವರಿ ಮಾರ್ಚೇ ಚೆಂದ ಅಂತ ಮುಂದಕ್ಕೆ ಹಾಕಿದ್ವಿ.

ಆಗ ನೆನಪಾಗಿದ್ದು ಮಾಗಡಿ ಕೆರೆ. ರಾಮನಗರದ ಮಾಗಡಿ ಅಲ್ಲ, ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ. ನನ್ನ ಕಾಲೇಜು ಗೆಳೆಯನ ಊರು ಆ ಕಡೆಯದ್ದೇ, ಇಪ್ಪತ್ತು ವರ್ಷದಿಂದ "ಚಳಿಗಾಲಕ್ಕ ಬಾರಲೇ, ಮಂಗೋಲಿಯಾದಿಂದ ಹಕ್ಕಿ ಬರ್ತಾವ, ನಿನಗ ಮೈಸೂರಿಂದ ಬರಾಕ ಆಗಂಗಿಲ್ಲ ಅಂದ್ರ ಹೆಂಗ" ಅಂತ ಬೈತಾನೇ ಇದ್ದ. ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದ್ವಿ. ಗದಗದಲ್ಲಿ ಇಳಿದಾಗ ಇನ್ನೂ ಕಗ್ಗತ್ತಲು, ಮೈಸೂರಿನ ಚಳಿ ಒದ್ದೆ ಚಳಿ, ಇಲ್ಲಿನದು ಒಣ ಚಳಿ, ಸೀದಾ ಕಿವಿ ಒಳಗೇ ಹೋಗುತ್ತೆ. ಗೆಳೆಯ ಶಾಲು ಹೊದ್ಕೊಂಡು ಸ್ಟೇಷನ್ ಹೊರಗೆ ನಿಂತಿದ್ದ. "ಛಲೋ ದಿನಾನ ಬಂದೀರಿ, ಇವತ್ತ ಎಳ್ಳ ಅಮಾಸಿ, ನಮ್ ಹೊಲದಾಗ ಊಟ" ಅಂದ. ನಾವು ಹಕ್ಕಿಗೆ ಅಂತ ಬಂದವರು, ಹಬ್ಬ ಅಂತ ಗೊತ್ತೇ ಇರ್ಲಿಲ್ಲ.

ಕೆರೆ ತಲುಪಿದಾಗ ಸೂರ್ಯ ಆಗಷ್ಟೇ ಮೇಲೆ ಬಂದಿದ್ದ. ನನ್ನ ಮನಸ್ಸಲ್ಲಿ ದೊಡ್ಡ ಸರೋವರ, ಸುತ್ತ ಮರ, ಒಂದು ಚಿತ್ರ ಇತ್ತು. ಇದು ಬೋಳು ಬಯಲು. ಏರಿ, ಜಾಲಿ, ಆಳವಿಲ್ಲದ ನೀರು, ಆಚೆ ಕಣ್ಣು ಹಾಯೋವರೆಗೂ ಕರಿ ಎರೆ ಹೊಲ, ಬಿಳಿಜೋಳ, ಕಡಲೆ, ಕುಸುಬೆ. ನೀರಿನ ಮಧ್ಯೆ ಬೂದು ಬಣ್ಣದ ಉದ್ದನೆಯ ಒಂದು ಪಟ್ಟಿ. ಕಲ್ಲಿನ ಸಾಲು ಅಂದ್ಕೊಂಡೆ. ಮಗಳು ಬೈನಾಕ್ಯುಲರ್ ಕಣ್ಣಿಗಿಟ್ಟಳು, ಉಸಿರಿಗೆ ಗಾಜು ಮಂಜಾಯ್ತು, ಒರೆಸಿದಳು, ಮತ್ತೆ ಮಂಜಾಯ್ತು, ಉಸಿರು ಹಿಡ್ಕೊಂಡು ನೋಡಿದಳು. "ಅಪ್ಪಾ, ಅದೆಲ್ಲಾ ಹಕ್ಕಿ."

ಎಲ್ಲಾ ಪಟ್ಟೆತಲೆ ಹೆಬ್ಬಾತು. ಸಾವಿರಗಟ್ಟಲೆ. ಬಿಳೀ ತಲೆ ಹಿಂದೆ ಎರಡು ಕಪ್ಪು ಪಟ್ಟಿ, ಯಾರೋ ಮಸಿಯಲ್ಲಿ ಅದ್ದಿದ ಎರಡು ಬೆರಳನ್ನ ಹಿಂದಲೆಗೆ ಒತ್ತಿದ ಹಂಗೆ, ಹಳದಿ ಕೊಕ್ಕು, ಕಿತ್ತಳೆ ಕಾಲು. ಹೆಚ್ಚಿನವು ಒಂಟಿ ಕಾಲಲ್ಲಿ ನಿಂತು ಕೊಕ್ಕನ್ನ ಬೆನ್ನಿನ ಗರಿಯೊಳಗೆ ತೂರ್ಸಿ ನಿದ್ದೆ ಹೊಡೀತಾ ಇದ್ವು, ಅಂಚಿನಲ್ಲಿ ಮಾತ್ರ ಕೆಲವು ಕತ್ತೆತ್ತಿ ಕಾವಲು. ಮಂಗೋಲಿಯಾ, ಟಿಬೆಟ್, ಲಡಾಖ್ ಆ ಕಡೆಯೆಲ್ಲಾ ಬೇಸಿಗೆಯಲ್ಲಿ ಮರಿ ಮಾಡಿ ಚಳಿ ಶುರುವಾದಾಗ ಹಿಮಾಲಯ ದಾಟಿ ಇಲ್ಲಿಗೆ ಬರ್ತವೆ, ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ಹಾಕಿ ಬಿಟ್ಟಿದ್ದ ಹಕ್ಕಿಗಳು ನಮ್ಮ ಕರ್ನಾಟಕದ ಕೆರೆಗಳಲ್ಲಿ ಸಿಕ್ಕಿವೆ. ಎವರೆಸ್ಟ್ ಮೇಲೆ ಹಾರ್ತವೆ ಅಂತ ಸ್ಕೂಲಲ್ಲಿ ಹೇಳ್ಕೊಟ್ಟಿದ್ರು ಅಂತ ಮಗಳು ಶುರು ಮಾಡಿದ್ಲು. ಅದು ಸ್ವಲ್ಪ ಉಪ್ಪು ಖಾರ ಹಚ್ಚಿದ ಕಥೆ. ವಿಜ್ಞಾನಿಗಳು ಬೆನ್ನಿಗೆ ಟ್ರಾನ್ಸ್‌ಮಿಟರ್ ಕಟ್ಟಿ ನೋಡಿದಾಗ ಒಂದೆರಡು 7,000 ಮೀಟರ್ ದಾಟಿದ್ದು ಹೌದು, ಆದ್ರೆ ಹೆಚ್ಚಿನ ಹಾರಾಟ ಎಲ್ಲಾ 5,500 ಮೀಟರ್ ಒಳಗೇ, ಕಣಿವೆ ಇದ್ರೆ ಕಣಿವೆ ಹಿಡಿದು, ಗುಡ್ಡ ಬಂದ್ರೆ ಹತ್ತಿ, ಇಳಿಜಾರು ಬಂದ್ರೆ ಇಳಿದು, ರಾತ್ರಿ ಇಲ್ಲಾ ಬೆಳಗಿನ ಜಾವ ಗಾಳಿ ತಣ್ಣಗೆ ದಟ್ಟವಾಗಿರೋ ಹೊತ್ತು ನೋಡ್ಕೊಂಡು. ನನಗೆ ಎವರೆಸ್ಟ್ ಕಥೆಗಿಂತ ಇದೇ ಹೆಚ್ಚು ಇಷ್ಟ ಆಯ್ತು. ಎಷ್ಟು ಬೇಕೋ ಅಷ್ಟೇ ಎತ್ತರ, ಒಂದು ಗೇಣೂ ಜಾಸ್ತಿ ಇಲ್ಲ, ನಮ್ಮ ಕಡೆ ಲಾರಿ ಡ್ರೈವರುಗಳು ಘಾಟಿ ಹತ್ತೋ ಲೆಕ್ಕಾಚಾರ.

ಇನ್ನೂ ಹತ್ರ ಹೋಗೋಣ ಅಂತ ನಾನು ಮಗಳನ್ನ ಕರ್ಕೊಂಡು ಏರಿ ಇಳಿದೆ. ಗೆಳೆಯ ಆ ಕಡೆ ಯಾರ ಜೊತೆಗೋ ಮಾತಾಡ್ತಿದ್ದ. ಕೆರೆ ಅಂಚಿನ ಎರೆಮಣ್ಣು ಮೇಲೆ ಒಣಗಿದ ಹಂಗೆ ಕಾಣುತ್ತೆ, ನಾಲ್ಕನೇ ಹೆಜ್ಜೆಗೆ ಶೂ ಒಳಗೇ ಉಳೀತು, ಸಾಕ್ಸ್ ಕಾಲು ಮಾತ್ರ ಹೊರಗೆ ಬಂತು, ಬ್ಯಾಲೆನ್ಸ್ ತಪ್ಪಿ ಕೈ ಊರಿದೆ, ಕೈಯೂ ಒಳಗೆ. ಆ ಗಡಿಬಿಡಿಗೆ ಕಾವಲು ಹಕ್ಕಿಗಳು ಕೂಗಿದ್ವು. ಒಂದ್ಸಲ ಇಡೀ ಪಟ್ಟಿ ಅಲ್ಲಾಡಿದ ಹಂಗಾಯ್ತು, ಆಮೇಲೆ ಎದ್ದೇ ಬಿಟ್ವು. ಅಷ್ಟು ರೆಕ್ಕೆ ಒಟ್ಟಿಗೆ ಬಡಿದ ಸದ್ದು, ಆ ಆಂಕ್ ಆಂಕ್ ಅನ್ನೋ ಕೂಗು, ನೆತ್ತಿ ಮೇಲೆ ನೆರಳು. ಮಗಳು ಕುಣಿದಾಡಿಬಿಟ್ಟಳು. ನನಗೂ ಒಳಗೊಳಗೇ ಖುಷಿ, ಒಂದು ಕೈಯಲ್ಲಿ ಶೂ ಹಿಡ್ಕೊಂಡೇ ಇನ್ನೊಂದು ಕೈಯಲ್ಲಿ ವಿಡಿಯೋ ತೆಗೆದೆ.

ಏರಿ ಮೇಲೆ ಹೋಗ್ತಿದ್ದ ಒಬ್ಬ ಅಜ್ಜ ನಿಂತ್ಕೊಂಡ್ರು. ಧೋತರ, ತಲೆಗೆ ರುಮಾಲು, ಹೆಗಲ ಮೇಲೆ ಕಂಬಳಿ. "ಯಾಕ್ರೀ ಸಾಹೇಬ್ರ, ಮಲಗಿದ್ದುವನ್ನ ಯಾಕ ಎಬ್ಬಿಸಿದ್ರಿ? ಹಗಲೆಲ್ಲಾ ಇಲ್ಲೇ ನೀರಾಗ ಮಲಗ್ತಾವು, ರಾತ್ರಿ ಮೇಯಾಕ ಹೊಲಕ್ಕ ಬರ್ತಾವು. ನೀವು ಹಗಲನ್ಯಾಗ ಎಬ್ಬಿಸಿದ್ರ ಹಗಲೂ ನಮ್ ಹೊಲಕ್ಕ ಬಂದು ಕುಂದರ್ತಾವು. ನೀವು ಫೋಟೋ ತಗೊಂಡು ಹೋಗ್ತೀರಿ."

ಏನು ಹೇಳೋದು. ಕೈ ಮುಗಿಯೋಣ ಅಂದ್ರೆ ಒಂದು ಕೈ ಪೂರಾ ಕೆಸರು. ತಪ್ಪಾಯ್ತು ಅಜ್ಜಾ ಅಂದೆ. ಹಕ್ಕಿಗಳು ಎರಡು ಸುತ್ತು ಹಾಕಿ ಆಚೆ ದಡದ ಹತ್ರ ಇಳಿದ್ವು, ಅಜ್ಜ ಅವು ಇಳಿಯೋವರೆಗೂ ಅಲ್ಲೇ ನಿಂತು ನೋಡಿ, ಆಮೇಲೆ ಹೋದ್ರು. 2024ರಲ್ಲಿ ಈ ಕೆರೆಗೆ ರಾಮ್ಸರ್ ಅಂತ, ಕೆರೆ ಜೌಗುಗಳಿಗೆ ಕೊಡೋ ಅಂತರರಾಷ್ಟ್ರೀಯ ಮಾನ್ಯತೆ ಬಂತು, ಅದೇ ಸಲ ಹಗರಿಬೊಮ್ಮನಹಳ್ಳಿ ಕಡೆಯ ಅಂಕಸಮುದ್ರಕ್ಕೂ, ಅಘನಾಶಿನಿ ಅಳಿವೆಗೂ ಬಂತು, ನಮ್ಮ ರಂಗನತಿಟ್ಟಿಗೆ ಅದಕ್ಕೂ ಎರಡು ವರ್ಷ ಮುಂಚೆನೇ ಬಂದಿತ್ತು. ರೈಲಲ್ಲಿ ಬರ್ತಾ ಇದನ್ನೆಲ್ಲಾ ಓದ್ಕೊಂಡು ಬಂದಿದ್ದೆ. ಹಕ್ಕಿ ರಾತ್ರಿ ಎಲ್ಲಿ ಊಟ ಮಾಡುತ್ತೆ ಅಂತ ಯೋಚನೆ ಮಾಡಿರ್ಲಿಲ್ಲ. ರಂಗನತಿಟ್ಟಿನ ಹಕ್ಕಿ ಮೀನು, ಬಸವನಹುಳು ತಿನ್ನುತ್ತೆ, ಅದರ ಬಿಲ್ಲು ನದಿಗೆ. ಈ ಹೆಬ್ಬಾತು ಮೀನು ಮುಟ್ಟಲ್ಲ, ಹುಲ್ಲು, ಚಿಗುರು, ಕಾಳು. ಅಂದ್ರೆ ಕಡಲೆ ಹೊಲ, ಗೋಧಿ ಹೊಲ, ಕಿತ್ತ ಮೇಲೆ ಉಳಿದ ಶೇಂಗಾ.

ಮಧ್ಯಾಹ್ನ ಗೆಳೆಯನ ಕಾಕಾನ ಹೊಲ. ಎಳ್ಳ ಅಮಾವಾಸ್ಯೆ ನಾನು ಬರೀ ಪೇಪರಲ್ಲಿ ಓದಿದ್ದು. ಊರಿಗೆ ಊರೇ ಖಾಲಿ, ಟ್ರ್ಯಾಕ್ಟರ್, ಚಕ್ಕಡಿ, ಟಂಟಂ, ಎಲ್ಲದರಲ್ಲೂ ಬುಟ್ಟಿ ಹೊತ್ತ ಹೆಂಗಸರು, ಇಳಕಲ್ ಸೀರೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರು ಅಂತ ಇಟ್ಟು ಪೂಜೆ ಮಾಡಿದ್ರು. ಆಮೇಲೆ ಕಾಕಾ ಒಂದು ಪಾತ್ರೆಯಲ್ಲಿ ಕಡುಬು, ರೊಟ್ಟಿ, ಪಲ್ಯ, ಅನ್ನ ಎಲ್ಲಾ ಕಲಸಿಕೊಂಡು ಹೊಲದ ಸುತ್ತ ಚೆಲ್ತಾ ಹೊರಟ್ರು, ಒಬ್ಬರು ಮುಂದೆ ಕೂಗೋದು, ಹಿಂದಿನವರು ನೀರು ಚಿಮುಕಿಸ್ತಾ ಅದಕ್ಕೆ ಕೂಗಿ ಉತ್ತರ ಕೊಡೋದು. ಚರಗ ಚೆಲ್ಲೋದು ಅಂತಾರೆ. ಹೊಟ್ಟೆ ತುಂಬಿದ ಬಸುರಿ ಹಂಗೆ ಭೂಮಿ, ಅವಳಿಗೆ ಬಯಕೆ ಊಟ. ಮಗಳು ಕೇಳಿದ್ಲು, "ಚೆಲ್ಲಿದ್ದನ್ನ ಯಾರು ತಿಂತಾರೆ?" ಚಿಗವ್ವ ನಕ್ಕು, "ಯಾರ್ ಬರ್ತಾರೋ ಅವ್ರು ತಿಂತಾರವ್ವಾ. ಇರುವಿ, ಹುಳ, ಹಕ್ಕಿ" ಅಂದ್ರು.

ಊಟದ ಬಗ್ಗೆ ಬರೆಯೋಕೆ ಹೋದ್ರೆ ಈ ಬರಹ ಮುಗಿಯಲ್ಲ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಗಡಿಗೆಯಲ್ಲಿ ಮೊಸರು. ಮೈಸೂರಿಂದ ತಂದಿದ್ದ ಅವರೆಕಾಳಿನ ಮಿಕ್ಸ್ಚರ್ ಪ್ಯಾಕೆಟ್ಟನ್ನ ನಾಚಿಕೊಂಡೇ ಮುಂದಿಟ್ಟೆ, ಎರಡು ನಿಮಿಷಕ್ಕೆ ಹುಡುಗರು ಖಾಲಿ ಮಾಡಿದ್ರು.

ಹೊಲದ ಒಂದು ಮೂಲೆಯಲ್ಲಿ ಕಡಲೆ ಗಿಡ ಕತ್ತರಿಯಲ್ಲಿ ಕತ್ತರಿಸಿದ ಹಂಗೆ ಬೋಳಾಗಿತ್ತು. ನೆಲದ ಮೇಲೆ ಹಸಿರು ಮಿಶ್ರಿತ ಹಿಕ್ಕೆ, ಒಣಗಿದ್ದು, ಸಣ್ಣ ಬೆರಳುದ್ದ. ಇದು ಅವುಗಳದ್ದೇನಾ ಅಂದೆ. ಕಾಕಾ ಹೌದು ಅಂದ್ರು. ಪರಿಹಾರ ಏನಾದ್ರೂ ಅಂತ ಕೇಳಿದ್ದಕ್ಕೆ ಅವರು ಕೈ ಮಾತ್ರ ಅಲ್ಲಾಡಿಸಿದ್ರು, ಅದರ ಅರ್ಥ ಸಿಗುತ್ತೆ ಅಂತಾನೋ ಸಿಗಲ್ಲ ಅಂತಾನೋ ಇವತ್ತಿಗೂ ಗೊತ್ತಾಗಿಲ್ಲ. ಅವರ ತಮ್ಮ ಇದ್ದವರು, ಹಿಕ್ಕೆ ಬಿದ್ದ ಹೊಲದಾಗ ಬೆಳಿ ಛಲೋ ಬರ್ತದ, ಗೊಬ್ಬರ ಇದ್ದಂಗ ಅಂದ್ರು. "ಹಾಂ, ತಿಂದು ಉಳಿದ್ರ ಬರ್ತದ" ಅಂದ್ರು ಕಾಕಾ. ಎಲ್ಲರೂ ನಕ್ಕರು. ಇದು ಇವರಿಬ್ಬರ ಹಳೇ ಜಗಳ ಇರಬೇಕು.

ಯಾರಾದ್ರೂ ಹೊಡೀತಾರಾ ಹಕ್ಕೀನ ಅಂತ ಕೇಳ್ದೆ. "ಅಷ್ಟ್ ದೂರದಿಂದ ಬಂದಾವ, ಹೊಡಿಯಾಕ ಹೆಂಗ್ ಮನಸ್ಸು ಬರ್ತೈತ್ರಿ. ಶಿವರಾತ್ರಿ ಹೊತ್ತಿಗೆ ಹೋಗ್ತಾವು. ಅಲ್ಲೀತನಾ ಓಡಸ್ಕೋತ ಕುಂದರೂದು." ಭಾವನ ದನಿ ನೆನಪಾಯ್ತು, ಹತ್ತಿ ಹೊಲದಲ್ಲಿ ಬಗ್ಗೋಕೆ ಹೆದರೋ ಜನ ನೆನಪಾದ್ರು. ಹೆಬ್ಬಾತಿಗೂ ಹುಲಿಗೂ ಹೋಲಿಕೆ ಇಲ್ಲ, ಕಡಲೆ ಹೋದ್ರೆ ಮುಂದಿನ ವರ್ಷ ಬೆಳೆಯುತ್ತೆ, ಮನುಷ್ಯ ಹೋದ್ರೆ ಹೋದ. ಅಲ್ಲಿನವರು ಇಲ್ಲಿನವರ ಹಾಗೆ ಯಾಕೆ ಸಹಿಸ್ಕೊಳ್ಳಲ್ಲ ಅಂತ ಮೈಸೂರಿನ ಸೋಫಾ ಮೇಲೆ ಕೂತು ಕೇಳೋ ಹಕ್ಕು ನನಗಿಲ್ಲ. ಆದ್ರೆ ಎರಡೂ ಕಡೆ ಟಿಕೆಟ್ ತಗೊಳ್ಳೋನು ನಾನು, ರಾತ್ರಿ ಎಚ್ಚರ ಇರೋರು ಅವರು. ಕಾಕಾನ ಹೊಲದಲ್ಲಿ ಹೋಳಿಗೆ ತಿಂತಾ ಇದು ಗಂಟಲಲ್ಲಿ ಸ್ವಲ್ಪ ಸಿಕ್ಕಿಹಾಕ್ಕೊಳ್ತು.

ಸಂಜೆ ಮತ್ತೆ ಕೆರೆಗೆ ಹೋದ್ವಿ, ಈ ಸಲ ಏರಿ ಬಿಟ್ಟು ಇಳಿಯಲಿಲ್ಲ. ಗೆಳೆಯ ಕಾರು ದೂರದಲ್ಲೇ ನಿಲ್ಲಿಸಿ ಲೈಟ್ ಆಫ್ ಮಾಡಿದ. ಸೂರ್ಯ ಮುಳುಗಿದ ಮೇಲೆ ಚಳಿ ಒಮ್ಮೆಲೇ ನೆಲದಿಂದ ಎದ್ದು ಬರುತ್ತೆ ಆ ಬಯಲಲ್ಲಿ. ಮಗಳು ನನ್ನ ಶಾಲಿನೊಳಗೆ ಸೇರ್ಕೊಂಡಳು. ಬೆಳಗ್ಗೆ ನಿದ್ದೆ ಹೊಡೀತಿದ್ದ ಗುಂಪು ಈಗ ಒಂದೇ ಸಮನೆ ಗೊಣಗ್ತಾ ಇತ್ತು, ಮದುವೆ ಮನೆ ಊಟಕ್ಕೆ ಏಳೋ ಮುಂಚೆ ಛತ್ರದಲ್ಲಿ ಇರುತ್ತಲ್ಲ ಆ ಗದ್ದಲ. ಕತ್ತಲು ಪೂರ್ತಿ ಆಗೋವರೆಗೂ ಏಳಲಿಲ್ಲ. ಅಮಾವಾಸ್ಯೆ, ಚಂದ್ರ ಬೇರೆ ಇಲ್ಲ, ಎದ್ದಾಗ ಏನೂ ಕಾಣ್ಲಿಲ್ಲ. ಬರೀ ಸದ್ದು. ಮೊದಲು ಒಂದು ಗುಂಪು, ಆಮೇಲೆ ಇನ್ನೊಂದು, ನಮ್ಮ ತಲೆ ಮೇಲೇ, ಎಷ್ಟು ಕೆಳಗೆ ಅಂದ್ರೆ ರೆಕ್ಕೆಯ ಗಾಳಿ ಸೀಳೋ ಸಿಳ್ಳೆಯಂಥ ಸದ್ದೂ ಕೇಳ್ತಿತ್ತು.

"ಯಾವ ಕಡೆ ಹೋದ್ವು?" ಅಂತ ಪಿಸುಗುಟ್ಟಿದಳು ಮಗಳು.

ಗೆಳೆಯ ಮಾತಾಡದೆ ಕತ್ತಲಲ್ಲೇ ಕೈ ತೋರಿಸಿದ, ಕಾಕಾನ ಹೊಲದ ಕಡೆ. ಸ್ವಲ್ಪ ಹೊತ್ತಿಗೆ ಆ ದಿಕ್ಕಲ್ಲಿ ಒಂದು ಟಾರ್ಚ್ ಹೊತ್ತಿಕೊಳ್ತು, ಆಮೇಲೆ ಯಾರೋ ಎಣ್ಣೆ ಡಬ್ಬಿ ಬಡಿಯೋಕೆ ಶುರು ಮಾಡಿದ್ರು.